ಕಾಫಿ ಕಣದಲ್ಲಿ ಸ್ಟ್ಯಾಂಡಪ್

ಬೆಳ್ಯಪ್ಪನಿಗೆ ಈ ಸಲ ಹಿಡಿದಿರುವ ಹುಚ್ಚು ಸ್ಟ್ಯಾಂಡಪ್ ಮೀಟಿಂಗ್. ಅವನ ಹೋಂಸ್ಟೇಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಬಂದು ವಾರವಿಡೀ ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದರಂತೆ. ದಿನಾ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಎದ್ದು ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಅಡ್ಡಿ ಏನಾದರೂ ಇದೆಯಾ ಅಂತ ಮೂರೇ ಮಾತಲ್ಲಿ ಮುಗಿಸುತ್ತಿದ್ದರಂತೆ.

"ನಮ್ಮ ತೋಟ ಯಾಕೆ ಉದ್ಧಾರ ಆಗಿಲ್ಲ ಅಂತ ಈಗ ಗೊತ್ತಾಯ್ತು. ನಮ್ಮಲ್ಲಿ ಪ್ರೋಸೆಸ್ ಇಲ್ಲ!" ಅಂದ ಬೆಳ್ಯಪ್ಪ.

"ರೇಟ್ ಇದ್ದಾಗ ಬೆಳೆ ಇರಲ್ಲ, ಬೆಳೆ ಇದ್ದಾಗ ರೇಟ್ ಇರಲ್ಲ. ಅದಕ್ಕೆ ಉದ್ಧಾರ ಆಗಿಲ್ಲ," ಅಂದರು ತೋಟದ ಹಾಜರಿ ಬರೆಯುವ ರೈಟ್ರು.

ಹೊರಗೆ ಕಕ್ಕಡ ತಿಂಗಳ ಮಳೆ ಹೊಯ್ಯುತ್ತಲೇ ಇತ್ತು. ಕರೆಂಟ್ ಇಲ್ಲ, ಟವರ್ ಇಲ್ಲ. ಸೋಮಯ್ಯನ ಇನ್ವರ್ಟರ್ ಕೂಡ ಕೈ ಎತ್ತಿತ್ತು. ಹಾಗಾಗಿ ವರ್ಕ್ ಫ್ರಮ್ ಹೋಮ್ ಇರುವ ಈ ಸಾಫ್ಟ್‌ವೇರ್ ಮನುಷ್ಯ, ಬೆಳ್ಯಪ್ಪನ ಮನೆಯಲ್ಲಿ ಬೆಲ್ಲದ ಕಾಫಿ ಹಿಡಿದು ಕೂತಿದ್ದ.

"ಸೋಮಯ್ಯ, ನೀನೇ ಹೇಳು. ನಿಮ್ಮಲ್ಲಿ ಇದು ದಿನಾ ಇರುತ್ತಲ್ವಾ?"

"ಇರುತ್ತೆ ಅಣ್ಣ. ಹದಿನೈದು ನಿಮಿಷ ಅಂತ ನಿಯಮ. ಕಾಲು ನೋಯ್ತದೆ, ಬೇಗ ಮುಗಿಸ್ತಾರೆ ಅಂತ ನಿಲ್ಲಿಸೋದು. ಈಗ ಎಲ್ಲರೂ ಮನೆಯಲ್ಲಿ ಕುರ್ಚಿ ಮೇಲೆ ಕೂತೇ ಸ್ಟ್ಯಾಂಡಪ್ ಮಾಡ್ತೀವಿ. ಅದಕ್ಕೇ ಒಂದು ಗಂಟೆ ಹೋಗುತ್ತೆ."

"ಯಾರು ಕಂಡುಹಿಡಿದಿದ್ದು ಇದನ್ನೆಲ್ಲ?" ಮೇಷ್ಟ್ರು ಕೇಳಿದರು. ಅವರಿಗೆ ಮೂಲ ಗೊತ್ತಾಗದೆ ಯಾವುದೂ ಜೀರ್ಣ ಆಗುವುದಿಲ್ಲ.

"2001ರಲ್ಲಿ ಅಮೆರಿಕದ ಯೂಟಾದಲ್ಲಿ, ಹಿಮದ ಗುಡ್ಡದ ಮೇಲಿನ ಒಂದು ರೆಸಾರ್ಟಲ್ಲಿ 17 ಜನ ಸೇರಿದ್ರು ಮೇಷ್ಟ್ರೇ. ನಿಯಮ ಜಾಸ್ತಿಯಾಗಿ ಕೆಲಸ ಕಮ್ಮಿಯಾಯ್ತು ಅಂತ ಬೇಸತ್ತವರು. ಅಜೈಲ್ ಅಂತ ಒಂದು ಪುಟದ ಪ್ರಣಾಳಿಕೆ ಬರೆದ್ರು. ಪ್ರೋಸೆಸ್‌ಗಿಂತ ಮನುಷ್ಯರು ಮುಖ್ಯ ಅನ್ನೋದೇ ಅದರಲ್ಲಿ ಮೊದಲನೇ ಮಾತು. ಅದನ್ನ ಜಾರಿಗೆ ತರೋಕೆ ಅಂತ ನಮ್ಮವರು ಎಷ್ಟು ಪ್ರೋಸೆಸ್ ಮಾಡಿದ್ದಾರೆ ಅಂದ್ರೆ, ಮನುಷ್ಯರಿಗೆ ಟೈಮೇ ಉಳಿದಿಲ್ಲ."

"ಅದೆಲ್ಲ ಬಿಡು, ನಾನು ಸೋಮವಾರ ಕಣದಲ್ಲಿ ಶುರು ಮಾಡಿಯೇ ಬಿಟ್ಟೆ," ಅಂದ ಬೆಳ್ಯಪ್ಪ ಎದೆಯುಬ್ಬಿಸಿ.

ರೈಟ್ರು ಕಾಫಿ ಲೋಟ ಕೆಳಗಿಟ್ಟರು. "ಅದನ್ನ ನಾನು ಹೇಳ್ತೀನಿ. ಮಳೆಯಲ್ಲಿ ಎಲ್ಲರನ್ನೂ ಪ್ಲಾಸ್ಟಿಕ್ ಕೊಪ್ಪೆ ಹಾಕಿಸಿ ಸಾಲಾಗಿ ನಿಲ್ಲಿಸಿದ್ರು. ನಿನ್ನೆ ಏನು ಮಾಡಿದೆ ಅಂತ ಚಿಕ್ಕಿಯನ್ನ ಕೇಳಿದ್ರು. ನಿನ್ನೆ ಭಾನುವಾರ ಸಾವ್ಕಾರ್ರೇ ಅಂದ್ಲು. ಸರಿ, ಇವತ್ತು ಏನು ಮಾಡ್ತೀಯ ಅಂದ್ರು. ನೀವು ಹೇಳಿದ್ದು ಅಂದ್ಲು. ಅಸ್ಸಾಂ ಹುಡುಗರಿಗೆ ಪ್ರಶ್ನೆ ಅರ್ಥ ಆಗ್ಲಿಲ್ಲ, ಏನೋ ಪೊಲೀಸ್ ವಿಚಾರಣೆ ಅಂತ ಆಧಾರ್ ಕಾರ್ಡ್ ತೆಗೆದ್ರು."

"ಅಡ್ಡಿ ಏನು ಅಂತ ಕೇಳಿದ್ದಕ್ಕೆ?" ಸೋಮಯ್ಯನಿಗೆ ಕುತೂಹಲ.

"ಒಬ್ಬ ಆನೆ ಅಂದ. ಇನ್ನೊಬ್ಬ ಜಿಗಣೆ ಅಂದ. ಚಿಕ್ಕಿ ಮಾತ್ರ, ಸಾವ್ಕಾರ್ರೇ ನೀವು ಸ್ವಲ್ಪ ದಾರಿ ಬಿಟ್ರೆ ಚಿಗುರು ತೆಗೆಯೋಕೆ ಹೋಗ್ತೀವಿ ಅಂದ್ಲು."

ಸೋಮಯ್ಯ ಎದ್ದು ನಿಂತ. "ಅಣ್ಣ, ನಾನು ಇಷ್ಟು ವರ್ಷದಿಂದ ಹೇಳಬೇಕು ಅಂತಿದ್ದ ಮಾತು ಅದು. ಆ ಚಿಕ್ಕಿಯನ್ನ ನಮ್ಮ ಮೀಟಿಂಗಿಗೆ ಕಳಿಸಿಕೊಡಿ."

ಬೆಳ್ಯಪ್ಪ ಅಷ್ಟಕ್ಕೆಲ್ಲ ಸೋಲುವವನಲ್ಲ. ಮುಂದೆ ಸ್ಪ್ರಿಂಟ್ ಬಂತು. ಎರಡೆರಡು ವಾರಕ್ಕೆ ಕೆಲಸ ಕಟ್ಟುವುದು, ಎರಡು ವಾರದ ಕೊನೆಗೆ ಏನಾದರೂ ತಯಾರಾಗಿ ಕೈಗೆ ಬರಲೇಬೇಕು.

"ರೋಬಸ್ಟಾ ಹೂ ಬಿಟ್ಟು ಹಣ್ಣಾಗೋಕೆ ಹತ್ತು ಹನ್ನೊಂದು ತಿಂಗಳು ಬೇಕು," ಅಂದರು ಮೇಷ್ಟ್ರು. "ಎರಡನೇ ವಾರಕ್ಕೆ ಏನು ತೋರಿಸ್ತೀಯ?"

"ಗಿಡ ತೋರಿಸ್ತಾನೆ," ಅಂದ ಸೋಮಯ್ಯ. "ನಾವೂ ಅದನ್ನೇ ಮಾಡೋದು. ಬಟನ್ ತೋರಿಸ್ತೀವಿ. ಒತ್ತಬೇಡಿ ಅಂತೀವಿ. ಅಣ್ಣ, ನಿಮಗೆ ಹೂಮಳೆ ಬೀಳಬೇಕು, ಅದಾದ ಮೇಲೆ ಹೂ ಕಾಯಿ ಕಟ್ಟೋಕೆ ಬ್ಯಾಕಿಂಗ್ ಮಳೆ ಬೀಳಬೇಕು. ಮಳೆರಾಯ ನಿಮ್ಮ ಸ್ಪ್ರಿಂಟ್ ಪ್ಲಾನಿಂಗಿಗೆ ಬರ್ತಾನಾ? ಆ ಗಿಡಕ್ಕೆ ಒಂದು ಒಳ್ಳೆ ಮಳೆ ಸಾಕು, ಮೀಟಿಂಗ್ ಇಲ್ದೆ ಇಡೀ ತೋಟ ಒಂದೇ ದಿನ ಬೆಳ್ಳಗಾಗುತ್ತೆ. ನಮ್ಮ ಟೀಮಲ್ಲಿ ಆರು ಜನ ಒಂದೇ ದಿನ ಒಂದು ಕೆಲಸ ಮುಗಿಸಿದ್ದು ನಾನು ನೋಡಿಲ್ಲ."

"ಒಂದು ಕೆಲಸಕ್ಕೆ ಎಷ್ಟು ದಿನ ಅಂತ ಮೊದಲೇ ಹೇಳಲ್ವಾ?"

"ದಿನ ಹೇಳಂಗಿಲ್ಲ, ಕೆಲಸ ಎಷ್ಟು ದೊಡ್ಡದು ಅಂತ ಪಾಯಿಂಟ್ ಹೇಳಬೇಕು. 1, 2, 3, 5, 8, 13."

"4 ಎಲ್ಲಿ?"

"4 ಇಲ್ಲ."

ಮೇಷ್ಟ್ರ ಮುಖ ಅರಳಿತು. "ಅದು ಇಟಲಿಯ ಗಣಿತಜ್ಞ ಫಿಬೊನಾಚಿಯ ಸರಣಿ! ಅವನು 1202ರಲ್ಲಿ ಬರೆದ, ನಮ್ಮ ಜೈನ ಪಂಡಿತ ಹೇಮಚಂದ್ರ ಅದಕ್ಕಿಂತ ಮುಂಚೆಯೇ ಹೇಳಿದ್ದ. ಲಘು ಗುರು ಕೂಡಿಸಿ ಇಷ್ಟು ಮಾತ್ರೆಗೆ ಎಷ್ಟು ಥರ ಸಾಲು ಕಟ್ಟಬಹುದು ಅಂತ ಲೆಕ್ಕ. ಒಂದು ಮಾತ್ರೆಗೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಐದು..."

"ಮೇಷ್ಟ್ರೇ, ಅವರು ಛಂದಸ್ಸಿಗೆ ಬಳಸಿದ್ರು. ನಾವು ಮ್ಯಾನೇಜರಿಗೆ ತಾರೀಕು ಹೇಳದೆ ತಪ್ಪಿಸಿಕೊಳ್ಳೋಕೆ ಬಳಸ್ತೀವಿ."

"ಹಾಗಾದ್ರೆ ನಿಜವಾಗಿ ದಿನವೆಲ್ಲ ಏನು ಮಾಡ್ತೀಯ?" ಅಂತ ರೈಟ್ರು ಕೇಳಿದರು. ಬಹಳ ದಿನದಿಂದ ಅವರಿಗೆ ಈ ಅನುಮಾನ ಇತ್ತು. ಅವರು ದಾರಿಯಲ್ಲಿ ಹೋಗುವಾಗೆಲ್ಲ ಸೋಮಯ್ಯ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿರುವುದೇ ಕಂಡಿದೆ.

"ಅದೇ ಕೆಲಸ. ಮೊನ್ನೆ ಒಬ್ಬ ಗ್ರಾಹಕರ ಹೆಸರು ಹುಡುಕಿದ್ರೆ ಸಿಗ್ತಿರಲಿಲ್ಲ. ಲಿಸ್ಟಲ್ಲಿ ಕಣ್ಣಿಗೆ ಕಾಣುತ್ತೆ, ಹುಡುಕಿದ್ರೆ ಇಲ್ಲ ಅನ್ನುತ್ತೆ. ಕೋಡ್ ಎಲ್ಲ ಜಾಲಾಡಿದೆ. ಬಾತುಕೋಳಿ ಗೊಂಬೆ ಮುಂದಿಟ್ಟುಕೊಂಡು ಅದಕ್ಕೆ ಸಾಲು ಸಾಲಾಗಿ ವಿವರಿಸಿದ್ರೆ ತಪ್ಪು ತಾನೇ ಹೊಳೆಯುತ್ತೆ ಅಂತ ನಮ್ಮಲ್ಲಿ ಒಂದು ಪದ್ಧತಿ ಇದೆ. ನಾನು ನಾಯಿಗೆ ವಿವರಿಸಿದೆ. ಅದು ಆಕಳಿಸಿ ಎದ್ದು ಹೋಯ್ತು. ಸಂಜೆ ಗೊತ್ತಾಯ್ತು, ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಇತ್ತು. ಯಾರೋ ಟೈಪ್ ಮಾಡುವಾಗ ಸ್ಪೇಸ್ ಒತ್ತಿದ್ದಾರೆ. ಮಾರನೇ ದಿನ ಸ್ಟ್ಯಾಂಡಪ್‌ನಲ್ಲಿ ಏನು ಹೇಳಲಿ? ನಿನ್ನೆ ಖಾಲಿ ಜಾಗ ಹುಡುಕಿದೆ, ಇವತ್ತು ಅಳಿಸ್ತೀನಿ."

"ನಾವು ಕಾಂಡ ಕೊರೆಯೋ ಬೋರರ್ ಹುಳ ಹುಡುಕೋ ಹಾಗೇ ಆಯ್ತು," ಅಂದರು ರೈಟ್ರು. ಮೊದಲ ಸಲ ಅವರ ದನಿಯಲ್ಲಿ ಸ್ವಲ್ಪ ಗೌರವ ಇತ್ತು. "ಅರೇಬಿಕಾ ಕಾಂಡದ ಮೇಲೆ ಸಣ್ಣಗೆ ಏರು ಎದ್ದಿರುತ್ತೆ, ಅಷ್ಟೇ. ಹುಳ ಒಳಗೆ. ನಿಂದು ಅಳಿಸಿದ್ರೆ ಮುಗೀತು. ನಮ್ದು ಗಿಡವನ್ನೇ ಕಿತ್ತು ಸುಡಬೇಕು."

"ನಮ್ಮಲ್ಲೂ ಕೆಲವು ಸುಡಬೇಕು. ಬಿಡಲ್ಲ."

ಬೆಳ್ಯಪ್ಪ ಈ ನಡುವೆ ಪೊಮೊಡೊರೊಗೆ ಹಾರಿದ್ದ. ಇಟಲಿಯ ಒಬ್ಬ ವಿದ್ಯಾರ್ಥಿ ಟೊಮೇಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಓದಿದ ಪದ್ಧತಿ. 25 ನಿಮಿಷ ಕೆಲಸ, 5 ನಿಮಿಷ ವಿಶ್ರಾಂತಿ. ಮೆಣಸು ಕುಯ್ಯುವಾಗ ಇದನ್ನು ಮಾಡಿಸಬೇಕಂತೆ.

"ಸಿಲ್ವರ್ ಓಕ್ ಮೇಲೆ ಒಂಟಿ ಬಿದಿರಿನ ಏಣಿ ಹತ್ತಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತವನು ಗಂಟೆ ಹೊಡೀತು ಅಂತ ಕೆಳಗಿಳಿದು ಬರಬೇಕಾ?" ಅಂದ ಸೋಮಯ್ಯ. "ಇಳಿದು ಹತ್ತೋದರಲ್ಲೇ ಇನ್ನೊಂದು ಟೊಮೇಟೊ ಹೋಗುತ್ತೆ."

ರೈಟ್ರು ನಕ್ಕು ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ, "ನಮ್ಮ ಹಾಜರಿಯಲ್ಲಿ ಇಷ್ಟೆಲ್ಲ ಕೇಳಲ್ಲಪ್ಪ," ಅಂದರು. "ಹೆಸರು ಕರೀತೀನಿ. ಬರದೇ ಇದ್ದವರು ಯಾಕೆ ಬಂದಿಲ್ಲ ಅಂತ ಕೇಳ್ತೀನಿ. ಮಗುಗೆ ಜ್ವರ ಅಂತಾರೆ, ಲೈನ್ ಮನೆ ಸೋರ್ತಿದೆ ಅಂತಾರೆ. ಸಂಜೆ ಒಂದು ಸಲ ಹೋಗಿ ನೋಡಿಕೊಂಡು ಬರ್ತೀನಿ."

ಸೋಮಯ್ಯ ಲೋಟದ ತಳ ನೋಡುತ್ತಾ ಹೇಳಿದ. "ಹೋದ ವಾರ ಪೂರ್ತಿ ನೆಟ್‌ವರ್ಕ್ ಇರಲಿಲ್ಲ ರೈಟ್ರೇ. ನಾನು ಮೀಟಿಂಗಲ್ಲಿ ಇಲ್ಲ ಅಂತ ಯಾರೂ ಕೇಳಲಿಲ್ಲ. ಕೇಳಿದ್ದು ಒಂದು ಬಾಟ್ ಮಾತ್ರ, ತಾನೇ ಮೆಸೇಜ್ ಕಳಿಸೋ ಪ್ರೋಗ್ರಾಂ. ಇವತ್ತಿನ ಅಪ್‌ಡೇಟ್ ಹಾಕಿಲ್ಲ, ದಯವಿಟ್ಟು ಹಾಕಿ ಅಂತ ದಿನಾ ಹತ್ತು ಗಂಟೆಗೆ."

"ಅದಾದ್ರೂ ಕೇಳಿತಲ್ಲ," ಅಂದರು ರೈಟ್ರು.

"ಹೂಂ. ಟವರ್ ಬಂದ ಮೇಲೆ ಅದಕ್ಕೇ ಉತ್ತರ ಬರೆದೆ. ಮಳೆ ಜಾಸ್ತಿ, ಮರ ಬಿದ್ದು ಲೈನ್ ಹೋಗಿತ್ತು, ನಾವೆಲ್ಲ ಚೆನ್ನಾಗಿದ್ದೀವಿ ಅಂತ. ಥ್ಯಾಂಕ್ಯೂ, ನಿಮ್ಮ ಅಡ್ಡಿಯನ್ನ ದಾಖಲು ಮಾಡಲಾಗಿದೆ ಅಂತ ಹೇಳ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೆಳ್ಯಪ್ಪನೇ ಕೆಮ್ಮಿ, "ಅದು ಸರಿ, ಆ ಟೊಮೇಟೊ ಗಡಿಯಾರ ಮಡಿಕೇರಿಯಲ್ಲಿ ಸಿಗುತ್ತಾ?" ಅಂದ.

ಒಳಗಿನಿಂದ ಬೊಳ್ಳಮ್ಮಕ್ಕನ ದನಿ ಬಂತು. "ತಗೊಂಡು ಬನ್ನಿ. ಇಲ್ಲೇ ಜಗಲಿಯಲ್ಲಿ ಇಡ್ತೀನಿ. 25 ನಿಮಿಷ ಆದ ಮೇಲೆ ಯಾರಿಗೂ ಕಾಫಿ ಇಲ್ಲ."