ಮನೆಯಲ್ಲಿ ಬೆಳೆದ ಆಲೂಗಡ್ಡೆ ಬೇಸಿಗೆಯಲ್ಲಿ ಇಡೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರಿನವರು. ದೀಪಾವಳಿ ಆದಮೇಲೆ ಮೊಳಕೆ ಬಂದಿದ್ದ ಆಲೂಗಡ್ಡೆಯನ್ನ ಸುಮ್ನೆ ಹಿತ್ತಲಲ್ಲಿ ನೆಟ್ಟಿದ್ದೆ, ಫೆಬ್ರವರಿಯಲ್ಲಿ ಅಗೆದರೆ 18 ಕೆ.ಜಿ. ಸಿಕ್ಕಿತು! ಈಗ ಇಡೋದೇ ತಲೆನೋವು.

ತೊಳೆಯದೆ, ನೆರಳಲ್ಲಿ ಹತ್ತು ದಿನ ಹರವಿ, ಸಿಪ್ಪೆ ಗಟ್ಟಿಯಾದ ಮೇಲೆ ಗೋಣಿಚೀಲಕ್ಕೆ ತುಂಬಿ ಅಡುಗೆಮನೆ ಮೂಲೆಯಲ್ಲಿ ಇಟ್ಟೆ, ಪಕ್ಕದಲ್ಲೇ ಉಳ್ಳಾಗಡ್ಡಿ ಬುಟ್ಟಿ (ಎರಡನ್ನೂ ಒಟ್ಟಿಗೆ ಇಡಬಾರದಂತೆ, ಆಮೇಲೆ ಗೊತ್ತಾಯಿತು). ನಿನ್ನೆ ಕೈ ಹಾಕಿದರೆ ತಳದಲ್ಲಿ ಎರಡು ಕೊಳೆತು ನೀರಾಗಿವೆ, ಆ ವಾಸನೆ ಯಪ್ಪಾ! ಚೀಲದ ಬಾಯಿ ಹತ್ತಿರ ಬೆಳಕು ಬಿದ್ದವು ಹಸಿರಾಗಿವೆ. ಹಸಿರಾದರೆ ವಿಷ ಅಲ್ವಾ, ಅವನ್ನ ಎಸೆದೆ.

ಆಲೂಗಡ್ಡೆಗೆ ಬೇಕಾಗಿರೋದು 10 ಡಿಗ್ರಿ ಆಸುಪಾಸು, ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ಸಿಹಿಯಾಗಿ, ಕರಿದಾಗ ಕಪ್ಪಾಗುತ್ತವೆ. ನಮ್ಮ ಅತ್ತೆ ಮರಳಲ್ಲಿ ಹೂತು ನೀರು ಚಿಮುಕಿಸು ಅಂತಾರೆ. ತೇವ ಇದ್ದರೆ ಇನ್ನೂ ಜಾಸ್ತಿ ಕೊಳೆಯುವುದಿಲ್ಲವಾ? ಒಣ ಮರಳು ಸಾಕಾ? ಹಳೆಯ ಮಣ್ಣಿನ ಗಡಿಗೆ ಎರಡಿವೆ, ಅದರಲ್ಲಿ ಗಾಳಿ ಆಡುತ್ತದಾ? ನಮ್ಮ ಕಡೆ ಬಿಸಿಲಲ್ಲಿ ಮಾಡಿ ನೋಡಿದ ಅಣ್ಣ ಅಕ್ಕಂದಿರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ದಿನಾ ಪಲ್ಯ ತಿಂದು ಮಕ್ಕಳು ಮುಖ ತಿರುಗಿಸುತ್ತಿದ್ದಾರೆ.