ಹಳೇ ಪುಸ್ತಕದೊಳಗಿನ ಪತ್ರಗಳನ್ನು ಟೈಪ್ ಮಾಡುವಾಗ ಜೋಡಣೆ ಹೇಗೆ?

ಗಾಂಧಿಬಜಾರ್ ಓದುಗ:
ಹಳೇ ಪುಸ್ತಕಗಳನ್ನು ಎಲ್ಲರೂ ಓದಲು ಇಡುವ ವಿಕಿಸೋರ್ಸ್ ತಾಣಕ್ಕೆ ಹಳೇ ಆತ್ಮಕಥೆಯೊಂದನ್ನು ಏರಿಸುತ್ತಿದ್ದೇನೆ. ನಡುನಡುವೆ ಇಡೀ ಪತ್ರಗಳೇ ಬರುತ್ತವೆ. ಮೇಲೆ ನಡುವೆ ‘ಶ್ರೀ’, ಬಲಕ್ಕೆ ‘ಬೆಂಗಳೂರು’ ಮತ್ತು ತಾರೀಖು, ಎಡಕ್ಕೆ ‘ತೀರ್ಥರೂಪರವರಿಗೆ’, ಕೊನೆಗೆ ಬಲಕ್ಕೆ ‘ಇಂತಿ’. ಅಚ್ಚಿನಲ್ಲಿ ಇದ್ದಷ್ಟೇ ಜಾಗ ಬಿಡಬೇಕಾ? ಸ್ಪೇಸ್ ಒತ್ತಿ ತಳ್ಳಿದರೆ ಸಾಕಾ? ಇನ್ನೊಂದು, ಹೆಸರಿನ ಮುಂದೆ ಗೌರವಕ್ಕೆ ಹಾಕುವ ‘ಮ॥ ರಾ॥’ ಓಸಿಆರ್‌ನಲ್ಲಿ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ‘ಮ11 ರಾ11’ ಆಗಿ ಬರುತ್ತಿದೆ.

ಮೊಳೆ ಮೇಷ್ಟ್ರು:
ಸ್ಪೇಸ್ ಬೇಡವೇ ಬೇಡ. ವಿಕಿಯಲ್ಲಿ ಸಾಲಿನ ಮೊದಲಿಗೆ ಒಂದೇ ಸ್ಪೇಸ್ ಬಿದ್ದರೂ ಆ ಸಾಲು ಬೇರೆ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಬಲಕ್ಕೆ, ನಡುವಿಗೆ ಜೋಡಿಸಲು ಟೆಂಪ್ಲೇಟುಗಳಿವೆ (ಸಿದ್ಧ ಸಂಕೇತಗಳು), ಅವನ್ನೇ ಬಳಸಿ.

ನಾನು ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಕಂಪೋಸಿಂಗ್ ಮಾಡುತ್ತಿದ್ದವನು. ತಾರೀಖು ಬಲ ಅಂಚಿನಿಂದ ಎಷ್ಟು ಒಳಗೆ ಬರಬೇಕು ಅನ್ನೋದನ್ನ ಪುಟದ ಅಗಲ ನೋಡಿ ನಾವೇ ತೀರ್ಮಾನಿಸುತ್ತಿದ್ದೆವು. ಪತ್ರ ಬರೆದವರ ಕಾಗದ ಯಾರು ನೋಡಿದ್ದರು? ಆ ಜಾಗವನ್ನು ಅಳೆದು ನಕಲು ಮಾಡೋದು ಸುಮ್ನೆ ಶ್ರಮ. ಫೋನಿನಲ್ಲಿ ಹೇಗೂ ನಿಲ್ಲೋದಿಲ್ಲ. ಬಲಕ್ಕಿದ್ದದ್ದು ಬಲಕ್ಕಿದ್ದರೆ ಸಾಕು.

ಸಾಲುಗಳ ವಿಷಯ ಬೇರೆ. ವಿಳಾಸ, ಸಂಬೋಧನೆ, ‘ಇಂತಿ’, ಸಹಿ, ಇವು ಎಲ್ಲಿ ಒಡೆದಿವೆಯೋ ಅಲ್ಲೇ ಒಡೆಯಬೇಕು. ಪತ್ರದ ಒಡಲಲ್ಲಿ ಮಾತ್ರ ಸಾಲುಗಳನ್ನು ಕೂಡಿಸಿ ಪ್ಯಾರಾ ಮಾಡಿ. ಸಹಿಯ ಕೆಳಗೆ ‘ತಾ.ಕ.’ ಇದ್ದರೆ ಅದೂ ಪತ್ರದ್ದೇ. ಅದನ್ನು ಮುಂದಿನ ಕಥೆಗೆ ಸೇರಿಸಿ ಬಿಡುವವರೇ ಜಾಸ್ತಿ.

ಆ 11 ತೆಗೆದು ಜೋಡಿ ದಂಡ (॥) ಹಾಕಿ. ಯೂನಿಕೋಡಿನಲ್ಲಿ ಅದು ಒಂದೇ ಅಕ್ಷರ. ‘ಮ॥ ರಾ॥’ವನ್ನು ಬಿಡಿಸಿ ಬರೆಯಲು ಹೋಗಬೇಡಿ, ‘ಚಿ॥’ಯನ್ನು ‘ಚಿರಂಜೀವಿ’ ಮಾಡಬೇಡಿ. ಯಾರು ಯಾರನ್ನು ಎಷ್ಟು ಮರ್ಯಾದೆಯಿಂದ ಕರೆದರು ಅನ್ನೋದು ಅಲ್ಲೇ ಇದೆ ಅಲ್ವಾ?

ಗಾಂಧಿಬಜಾರ್ ಓದುಗ:
ಪತ್ರ ಎರಡು ಪುಟಕ್ಕೆ ಹರಡಿದ್ದರೆ?

ಹನುಮಂತನಗರ:
ತೆರೆಯಲು, ಮುಚ್ಚಲು ಬೇರೆ ಬೇರೆ ಭಾಗವಿರುವ ಟೆಂಪ್ಲೇಟು ಬಳಸಿ. ಮೊದಲ ಪುಟದ ಅಡಿಬರಹದ ಪೆಟ್ಟಿಗೆಯಲ್ಲಿ ಅದನ್ನು ಮುಚ್ಚಿ, ಮುಂದಿನ ಪುಟದ ತಲೆಬರಹದಲ್ಲಿ ಮತ್ತೆ ತೆರೆಯಿರಿ. ಆ ಎರಡು ಪೆಟ್ಟಿಗೆಯಲ್ಲಿ ಬರೆದದ್ದು ಪುಟಗಳನ್ನು ಜೋಡಿಸಿದಾಗ ಬರೋದಿಲ್ಲ. ಹಾಗಾಗಿ ಬಿಡಿ ಪುಟವೂ ಸರಿ ಕಾಣುತ್ತದೆ, ಅಧ್ಯಾಯದಲ್ಲಿ ಪತ್ರವೂ ತುಂಡಾಗುವುದಿಲ್ಲ.

ಅಂದಹಾಗೆ ಹಕ್ಕು (ಕಾಪಿರೈಟ್) ನೋಡಿದ್ದೀರಾ? ಆತ್ಮಕಥೆ ಬರೆದವರು ತೀರಿಕೊಂಡು 60 ವರ್ಷ ದಾಟಿ ಅವರ ಹಕ್ಕು ಮುಗಿದಿರಬಹುದು. ಪತ್ರದ ಹಕ್ಕು ಮಾತ್ರ ಅದನ್ನು ಬರೆದವರದ್ದು, ಪಡೆದವರದ್ದಲ್ಲ. ಪತ್ರ ಬರೆದವರು ತೀರಿಕೊಂಡ ವರ್ಷವನ್ನೂ ಲೆಕ್ಕ ಹಾಕಿ. ಅವರು ತೀರಿಕೊಂಡ ಮೇಲೆ ಪತ್ರ ಮೊದಲ ಸಲ ಅಚ್ಚಾಗಿದ್ದರೆ, ಅಚ್ಚಾದ ವರ್ಷದಿಂದ 60.