ಸಾರ್ವಜನಿಕ ಬದುಕಿನಲ್ಲಿ ಪಾಲ್ಗೊಳ್ಳುವುದು ತನ್ನಷ್ಟಕ್ಕೇ ಒಳಿತೇ?

ಡೊಂಬಿವಲಿವಾಸಿ:
ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆಯ ನೋಟಿಸಿನ ಕೊನೆಯಲ್ಲಿ ಪ್ರತಿ ವರ್ಷವೂ ಒಂದೇ ಮಾತಿರುತ್ತದೆ: ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಆಗದಿದ್ದರೆ ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಸಭೆ ನಡೆಯುವುದು, ಆಗ ಕೋರಂನ ಅಗತ್ಯವಿಲ್ಲ. ಹೀಗಾಗಿ ಬರುವವರೂ ಅರ್ಧ ಗಂಟೆ ತಡವಾಗಿಯೇ ಬರುತ್ತಾರೆ. ಕಳೆದ ಸಲ 84 ಮನೆಗಳಿಂದ ಬಂದವರು ಹನ್ನೊಂದು ಮಂದಿ, ಅವರಲ್ಲಿ ನಾನಿರಲಿಲ್ಲ. ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಒಂಬತ್ತಾಗಿರುತ್ತದೆ. ಆಳುವುದರಲ್ಲಿಯೂ ತೀರ್ಪು ಕೊಡುವುದರಲ್ಲಿಯೂ ಪಾಲುಳ್ಳವನೇ ನಾಗರಿಕ ಎಂಬ ಅರಿಸ್ಟಾಟಲನ ವ್ಯಾಖ್ಯೆಯನ್ನು ಬಿ.ಎ.ಯಲ್ಲಿ ಓದಿದ್ದೆ. ಹಾಗಾದರೆ ತೆರಿಗೆ ಕಟ್ಟಿ, ಮತ ಹಾಕಿ, ಉಳಿದಂತೆ ತನ್ನ ಮನೆಮಠ ನೋಡಿಕೊಂಡಿರುವವನ ಬಾಳಿನಲ್ಲಿ ಏನೋ ಕೊರತೆಯಿದೆ ಎಂದು ತಿಳಿಯಬೇಕೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮಾಟುಂಗಾದ ಹಳಬ:
ನಿಮ್ಮ ಪ್ರಶ್ನೆಯನ್ನೇ ಫ್ರೆಂಚ್ ರಾಜಕೀಯ ಚಿಂತಕ ಬೆಂಜಮಿನ್ ಕಾನ್‌ಸ್ಟಂಟ್ 1819ರಲ್ಲಿ ಪ್ಯಾರಿಸಿನ ಉಪನ್ಯಾಸವೊಂದರಲ್ಲಿ ಎತ್ತಿಕೊಂಡಿದ್ದ. ಪ್ರಾಚೀನರಿಗೆ ಸ್ವಾತಂತ್ರ್ಯವೆಂದರೆ ಒಟ್ಟಾಗಿ ಅಧಿಕಾರ ನಡೆಸುವುದು, ನಮ್ಮ ಕಾಲದವರಿಗೆ ಯಾರ ಅಡ್ಡಿಯೂ ಇಲ್ಲದೆ ಸ್ವಂತ ಬದುಕು ನಡೆಸುವುದು ಎಂದು ಆತ ಬೇರ್ಪಡಿಸಿದ. ಇಷ್ಟನ್ನೇ ಉದ್ಧರಿಸಿ ನಿಲ್ಲಿಸುವವರು ಹೆಚ್ಚು. ಸ್ವಂತ ಸುಖದಲ್ಲಿ ಮುಳುಗಿ ಅಧಿಕಾರದಲ್ಲಿನ ನಮ್ಮ ಪಾಲನ್ನು ತೀರಾ ಸುಲಭವಾಗಿ ಬಿಟ್ಟುಕೊಟ್ಟೇವು ಎಂಬ ಎಚ್ಚರಿಕೆಯನ್ನೂ ಆತ ಅದೇ ಉಪನ್ಯಾಸದಲ್ಲಿ ಕೊಟ್ಟಿದ್ದಾನೆ.

ಇನ್ನು ಅರಿಸ್ಟಾಟಲನ ವಿಷಯ. ಆತ ಸ್ಟಾಗಿರಾ ಊರಿನವನು, ಅಥೆನ್ಸಿನಲ್ಲಿ ಪರಸ್ಥಳದವನಾಗಿಯೇ ನೆಲೆಸಿದ್ದವನು, ಅಲ್ಲಿಯ ಸಭೆಯಲ್ಲಿ ಅವನಿಗೆ ಮತವಿರಲಿಲ್ಲ! ಮುಂಬಯಿ ಕನ್ನಡಿಗರಾದ ನಮಗೆ ಇದು ಬೇಗ ಅರ್ಥವಾಗಬೇಕು. ಬಿಡುವಿಲ್ಲದ ಕುಶಲಕರ್ಮಿಗಳು ಉತ್ತಮ ರಾಜ್ಯದಲ್ಲಿ ನಾಗರಿಕರಾಗಲಾರರು ಎಂದೂ ಅವನೇ ಬರೆದ. ಆದರೆ ಅಥೆನ್ಸ್ ಆ ದಾರಿ ಹಿಡಿಯಲಿಲ್ಲ. ನ್ಯಾಯಮಂಡಳಿಯಲ್ಲಿ ಕೂರುವವರಿಗೆ ಅಲ್ಲಿಯ ನಾಯಕ ಪೆರಿಕ್ಲಿಸ್ ಭತ್ಯೆ ಕೊಡಿಸಿದ, ಮುಂದೆ ಮಹಾಸಭೆಗೆ ಬರುವವರಿಗೂ ಭತ್ಯೆ ಬಂತು. ಬಿಡುವು ಹಣೆಬರಹವಲ್ಲ, ಅದನ್ನು ಏರ್ಪಡಿಸಬಹುದು. ನಮ್ಮ ಹಿರಿಯರು ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಸಂಜೆ ಇಲ್ಲಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂತದ್ದು ಅಂಥ ಏರ್ಪಾಡಿನಿಂದಲೇ.

ಕೋಥ್ರೂಡ್ ಕನ್ನಡಿಗ:
ಹಿರಿಯರ ಮಾತನ್ನು ಒಪ್ಪಿಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಬಿಡುವಿದ್ದ ಮಾತ್ರಕ್ಕೆ ಒಳಿತು ಸಿಗುವುದಿಲ್ಲ. ಪುಣೆ ಮಹಾನಗರಪಾಲಿಕೆಯಲ್ಲಿ 2006ರ ಸುಮಾರಿನಿಂದ ನಾಗರಿಕರೇ ಬಜೆಟ್ಟಿಗೆ ಕಾಮಗಾರಿ ಸೂಚಿಸುವ ಪದ್ಧತಿಯಿದೆ. ನಮ್ಮ ಗಲ್ಲಿಯ ಫುಟ್‌ಪಾತ್ ಸರಿಮಾಡಿಸಬೇಕೆಂದು ನಾನೂ ಅರ್ಜಿ ತುಂಬಿದೆ. ಕೊಡುವ ಮುಂಚೆ ಅಳತೆಗೆಂದು ಅಲ್ಲಿ ಹೋದಾಗ, ನಾನು ‘ಅಡಚಣೆ’ ಎಂದು ಬರೆದಿದ್ದ ಜಾಗದಲ್ಲಿ ಮೇಥಿ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಕೂತಿದ್ದವರು, ನಮ್ಮ ಮನೆಗೆ ವರ್ಷಗಳಿಂದ ಸೊಪ್ಪು ಕೊಡುವ ಮಾವಶಿ. ಅರ್ಜಿಯನ್ನು ತಿದ್ದಿ ಬರೆದೆ. ತನ್ನದಲ್ಲದ ಹಿತವನ್ನೂ ತೂಗಬೇಕಾಗಿ ಬರುವುದೇ ಪಾಲ್ಗೊಳ್ಳುವಿಕೆಯ ಶಿಕ್ಷಣ ಎಂದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1861ರಲ್ಲಿ ವಾದಿಸಿದ್ದ. ಫುಟ್‌ಪಾತ್ ಇನ್ನೂ ಆಗಿಲ್ಲ, ಅದು ಬೇರೆ ಮಾತು.

ಮಡಗಾಂವ್ ಶಿಕ್ಷಕಿ:
ಗೋವೆಯಲ್ಲಿ ಗ್ರಾಮಸಭೆ ಭಾನುವಾರ ನಡೆಯುತ್ತದೆ. ಬಿಡುವಿನ ದಿನವೆಂದು ಗಂಡಸರು ಹೇಳುತ್ತಾರೆ, ಅಡುಗೆಮನೆಯಲ್ಲಿ ಅದು ದುಪ್ಪಟ್ಟು ಕೆಲಸದ ದಿನ. ಹೋದರೂ ನಾನು ಹಿಂದಿನ ಕುರ್ಚಿಯಲ್ಲೇ ಕೂರುತ್ತಿದ್ದೆ, ಬಾಯಿ ತೆರೆದರೆ ನನ್ನ ಕೊಂಕಣಿಯ ರಾಗದಿಂದಲೇ ಘಟ್ಟದ ಮೇಲಿನವಳೆಂದು ತಿಳಿದುಬಿಡುತ್ತದೆ. ಒಮ್ಮೆ ಬಾವಿಯ ನೀರಿನ ವಿಷಯಕ್ಕೆ ಎದ್ದು ಮಾತಾಡಿದೆ. ಯಾರೋ ನಕ್ಕರು, ಆದರೆ ಮರುದಿನ ಅಂಗಡಿಯಲ್ಲಿ ಇಬ್ಬರು ನನ್ನನ್ನು ಹೆಸರು ಹಿಡಿದು ಕರೆದರು, ಅಲ್ಲಿಯವರೆಗೆ ನಾನು ಬರೀ ‘ಟೀಚರ್’. ಮಾತು ಮತ್ತು ಕೃತಿಯ ಮೂಲಕ ಮನುಷ್ಯರು ತಾವು ಯಾರೆಂದು ಒಬ್ಬರಿಗೊಬ್ಬರು ಕಾಣಿಸಿಕೊಳ್ಳುತ್ತಾರೆ ಎಂದ ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಕೂಡ, ಜರ್ಮನಿ ಬಿಟ್ಟು ಹಲವು ವರ್ಷ ಯಾವ ದೇಶದ ಪ್ರಜೆಯೂ ಆಗಿರದೆ, 1951ರಲ್ಲಿ ಅಮೆರಿಕದ ಪೌರತ್ವ ಪಡೆದವರು. ಹಳಬರು ಹೇಳಿದ ಅರಿಸ್ಟಾಟಲನ ಸಾಲಿಗೆ ಇವರನ್ನೂ ಸೇರಿಸಿಕೊಳ್ಳಬಹುದು.

ಡೊಂಬಿವಲಿವಾಸಿ:
ಎಲ್ಲರಿಗೂ ವಂದನೆಗಳು. ಸಭೆಯನ್ನು ಶನಿವಾರ ರಾತ್ರಿ ಒಂಬತ್ತೂವರೆಗೆ ಇಡಬಹುದೇ ಎಂದು ನಿನ್ನೆ ಸೆಕ್ರೆಟರಿಯವರನ್ನು ಕೇಳಿದೆ. ಇಡೋಣ, ಆದರೆ ನಡಾವಳಿ ನೀವೇ ಬರೆಯಬೇಕು ಎಂದರು. ನನ್ನ ಮರಾಠಿ ಮಾತಿಗೆ ಸಾಲುತ್ತದೆ, ಬರಹಕ್ಕೆ ಸಾಲದು. ಮಗಳು ತಿದ್ದಿಕೊಡುವುದಾಗಿ ಹೇಳಿದ್ದಾಳೆ.